ಗುಜರಿ ಫ್ರಿಜ್ಜಿನಲ್ಲಿ ನಾಟಿ ಮರಿ: ಕಾವು ಅಳೆದ ನನ್ನ ಅನುಭವ

ಮನೆಯಲ್ಲೇ ಕಟ್ಟಿದ, ಕೋಳಿಯಿಲ್ಲದೆ ಮೊಟ್ಟೆಗೆ ಕಾವು ಕೊಡೋ ಫ್ರಿಜ್ ಇನ್‌ಕ್ಯುಬೇಟರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮೊಟ್ಟೆ ಮರಿಯಾಗಲ್ಲ ಅಂತ ನನಗೆ ಹೇಳದವರೇ ಇಲ್ಲ. ಇತ್ತೀಚಿನ ಬ್ಯಾಚುಗಳಲ್ಲಿ, ಮೊಟ್ಟೆಗೆ ಬೆಳಕು ಹಿಡಿದು ಒಳಗೆ ನೋಡೋ ಕ್ಯಾಂಡ್ಲಿಂಗ್‌ನಲ್ಲಿ ಮರಿ ಕಟ್ಟಿದ್ದು ಕಂಡ ಮೊಟ್ಟೆಗಳ ಲೆಕ್ಕ ಹಿಡಿದರೆ, ನೂರಕ್ಕೆ ಎಂಬತ್ತೈದರ ಆಸುಪಾಸು ಸಿಕ್ತಿದೆ. ಹೇಗೆ ಅಂತ ಕೇಳಿಕೊಂಡು ಈಗ ಅವರೇ ಬರ್ತಿದ್ದಾರೆ, ಅದಕ್ಕೇ ಬರೆದುಬಿಡೋಣ ಅನ್ನಿಸಿತು.

ಪೆಟ್ಟಿಗೆ ಕಟ್ಟೋದು, ಮೊಟ್ಟೆ ತಿರುಗಿಸೋದು, ತೇವ ನೋಡಿಕೊಳ್ಳೋದು ನಿಮಗೆಲ್ಲ ಗೊತ್ತಿರೋದೇ. ನನ್ನದು 165 ಲೀಟರಿನ ಒಂಟಿ ಬಾಗಿಲಿನ ಫ್ರಿಜ್. ಗುಜರಿಯವನಿಗೆ ಎಂಟುನೂರೋ ಒಂಬೈನೂರೋ ಕೊಟ್ಟ ನೆನಪು. ತಳದಲ್ಲಿ ಎರಡು 60 ವ್ಯಾಟ್ ಬಲ್ಬ್, ಮೇಲೊಂದು ಕಂಪ್ಯೂಟರ್ ಫ್ಯಾನು, ಮೂರು ಟ್ರೇ, ತುಂಬಿಸಿದರೆ ನೂರೈವತ್ತು ಮೊಟ್ಟೆ. ಕಾವು ನೋಡಿಕೊಂಡು ಬಲ್ಬ್ ಹಚ್ಚಿ ಆರಿಸೋ ಕಂಟ್ರೋಲರನ್ನು 37.5 ಡಿಗ್ರಿ ಸೆಲ್ಸಿಯಸ್ಸಿಗೆ ಕೂರಿಸಿದ್ದೆ. ಯಾವಾಗ ನೋಡಿದರೂ ಪರದೆ ಮೇಲೆ 37.5 ಅಂತಲೇ ಇರ್ತಿತ್ತು, ಒಳಗೆ ಮಾತ್ರ ಅರ್ಧ ಮೊಟ್ಟೆ ಚಿಪ್ಪಲ್ಲೇ ಸಾಯ್ತಿತ್ತು. ನಾಟಿ ಮೊಟ್ಟೆ ಒಂದಕ್ಕೆ ಹನ್ನೆರಡು ರೂಪಾಯಿ ಹಿಡಿದರೂ ಬ್ಯಾಚಿಗೆ ಒಂಬೈನೂರು ರೂಪಾಯಿ ತಿಪ್ಪೆಗೆ. ಜೊತೆಗೆ ಮೂರು ವಾರದ ಕರೆಂಟು. ಇನ್ನೂ ದುಬಾರಿ ಕಂಟ್ರೋಲರ್ ತಂದು ಹಾಕಿದೆ, ಅದೂ 37.5 ಅಂತಲೇ ತೋರಿಸಿತು, ಮೊಟ್ಟೆಗಳೂ ಹಾಗೇ ಸತ್ತವು. ಹ್ಯಾಚರಿ ಇಟ್ಟಿರೋ ಒಬ್ಬರು, "ಸುಮ್ನೆ ನಮ್ಮತ್ರ ಮರಿ ತಗೊಂಡೋಗಿ ಸ್ವಾಮಿ, ಇದೆಲ್ಲ ಲಕ್ಷಗಟ್ಟಲೆ ಮಿಷನ್ನಿನ ಕೆಲಸ" ಅಂದರು.

ದಾರಿ ತೋರಿಸಿದ್ದು ಸೆನ್ಸರ್ ಅಲ್ಲ, ಪೆನ್ಸಿಲ್. ಪ್ರತಿ ಮೊಟ್ಟೆ ಮೇಲೂ ಟ್ರೇ, ಸಾಲು, ಜಾಗ ಬರೆದೆ. ಯಾವ ಜಾಗದ್ದು ಯಾವಾಗ ಒಡೆಯಿತು ಅಂತ ಚೌಕಳಿ ಹಾಳೆಯಲ್ಲಿ ಗುರುತು ಹಾಕುತ್ತಾ ಹೋದೆ. ಕೆಳ ಟ್ರೇಯ ಹಿಂಬದಿಯವು 20ನೇ ದಿನವೇ ಹೊರಗೆ, ಹೊಕ್ಕುಳು ಸರಿಯಾಗಿ ಮುಚ್ಚಿರಲಿಲ್ಲ. ಮೇಲಿನ ಟ್ರೇಯ ಬಾಗಿಲ ಪಕ್ಕದವು 22 ದಾಟಿದರೂ ಕೊಕ್ಕು ಆಡಿಸುತ್ತಾ ಒಳಗೇ ಕೂತಿದ್ದವು. ಕಾವು ಹೆಚ್ಚಾದರೆ ಬೇಗ, ಕಡಿಮೆಯಾದರೆ ತಡ. ಪೆಟ್ಟಿಗೆಯ ಕಾವಿನ ನಕ್ಷೆಯನ್ನು ಮರಿಗಳೇ ಬರೆದುಕೊಟ್ಟಿದ್ದವು. ಒಂದು ಪೈಸೆ ಖರ್ಚಿಲ್ಲದ ಈ ಕೆಲಸ ಮಾಡದೆ ಯಾರೂ ಸೆನ್ಸರಿಗೆ ದುಡ್ಡು ಹಾಕಬೇಡಿ.

ಆಮೇಲೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಹತ್ತು ಡಿಎಸ್18ಬಿ20 ಪ್ರೋಬ್ (ವೈರಿನ ತುದಿಯಲ್ಲಿರೋ ಕಾವಿನ ಸೆನ್ಸರ್) ತಂದೆ, ಸ್ಟೀಲ್ ತುದಿಯವು, ಒಂದಕ್ಕೆ ನೂರು ಚಿಲ್ಲರೆ. ಹತ್ತನ್ನೂ ಒಂದೇ ಆರ್ಡುಯಿನೋಗೆ (ಪ್ರೋಗ್ರಾಮ್ ಹಾಕಿ ನಡೆಸೋ ಪುಟ್ಟ ಸರ್ಕ್ಯೂಟ್ ಬೋರ್ಡು) ಕಟ್ಟಬಹುದು. ಆದರೆ ಅರ್ಧ ಡಿಗ್ರಿ ಆಚೀಚೆ ಆಗಬಹುದು ಅಂತ ಕಂಪನಿಯೇ ಒಪ್ಪಿಕೊಂಡಿದೆ, ನಕಲಿ ಮಾಲಂತೂ ದೇವರಿಗೇ ಪ್ರೀತಿ. ನಮ್ಮ ಜಗಳ ಇರೋದೇ ಅರ್ಧ ಡಿಗ್ರಿಯಲ್ಲಿ. ಐಸಿನಲ್ಲಿಟ್ಟು ಸೊನ್ನೆ ನೋಡೋದು ನಮಗೆ ಹೆಚ್ಚು ಉಪಯೋಗವಿಲ್ಲ, ನಮಗೆ ಬೇಕಾದ್ದು 37, 38. ಫ್ಲಾಸ್ಕಿನಲ್ಲಿ ಉಗುರುಬೆಚ್ಚಗಿನ ನೀರು ಹಾಕಿ, ಹತ್ತೂ ಪ್ರೋಬ್ ರಬ್ಬರ್ ಬ್ಯಾಂಡಿನಲ್ಲಿ ಕಟ್ಟಿ, ನಡುವೆ ಜ್ವರ ನೋಡೋ ಪಾದರಸದ ಥರ್ಮಾಮೀಟರ್ ಇಟ್ಟೆ. ಅದರಲ್ಲಿ ಏರಿದ್ದು ತಾನಾಗಿ ಇಳಿಯಲ್ಲ, ಪ್ರತಿ ಸಲ ಕೊಡವಬೇಕು. ಎರಡು ಪ್ರೋಬ್ ನಡುವೆ ಹತ್ತಿರ ಹತ್ತಿರ ಒಂದು ಡಿಗ್ರಿ ವ್ಯತ್ಯಾಸ! ಒಂದೊಂದರ ತಪ್ಪನ್ನೂ ಬರೆದುಕೊಂಡು ಪ್ರೋಗ್ರಾಮಿನಲ್ಲೇ ಕಳೆದು ಕೂಡಿಸಿದೆ.

ಪ್ರೋಬನ್ನು ಗಾಳಿಯಲ್ಲಿ ನೇತುಹಾಕಿದರೆ ಬಲ್ಬ್ ಹತ್ತಿ ಆರಿದಂತೆಲ್ಲ ಅಂಕಿ ಕುಣಿಯುತ್ತೆ. ಮೊಟ್ಟೆಗೆ ಆ ಕುಣಿತ ತಟ್ಟೋದೇ ಇಲ್ಲ, ಒಳಗೆ ಮುಕ್ಕಾಲು ಪಾಲು ನೀರು ತಾನೆ, ನಿಧಾನಕ್ಕೆ ಏರಿ ನಿಧಾನಕ್ಕೆ ಇಳಿಯುತ್ತೆ. ಹಾಗಾಗಿ ಮೊಟ್ಟೆಗೆ ತೂತು ಕೊರೆದು, ಖಾಲಿ ಮಾಡಿ, ಒಳಗೆ ಪ್ರೋಬ್ ಇಳಿಸಿ ಎಂ-ಸೀಲ್ ಮೆತ್ತಿದೆ. ಒಳಗೆ ತುಂಬಿಸಿದ ನೀರು ಜಿನುಗಿ ಆವಿಯಾಯಿತು, ಎಣ್ಣೆಯೂ ಹಿಡಿಸಲಿಲ್ಲ. ಈಗ ಏನು ತುಂಬಿಸ್ತೀನಿ ಅನ್ನೋದನ್ನ ಇಲ್ಲಿ ಬರೆಯಲ್ಲ, ಮನೆಗೆ ಬಂದವರಿಗೆ ತೋರಿಸ್ತೀನಿ.

ಈ ಹುಸಿ ಮೊಟ್ಟೆಗಳು ಹೇಳಿದ್ದು ಕೇಳಿ: ಬಲ್ಬಿಗೆ ಎದುರಾಗಿರೋ ಮೂಲೆ 39 ದಾಟಿದೆ, ಮೇಲಿನ ಬಾಗಿಲ ಮೂಲೆ 36ರ ಹತ್ತಿರ, ಕಂಟ್ರೋಲರಿನ ಸೆನ್ಸರ್ ಫ್ಯಾನಿನ ಬಾಯಿಗೆ ಕೂತು ಸುಖವಾಗಿ 37.5 ಓದ್ತಿದೆ. ಬಲ್ಬಿನ ಮುಂದೆ ತಗಡು ನಿಲ್ಲಿಸಿದೆ, ಶಾಖ ನೇರ ತಟ್ಟದೆ ಗಾಳಿಯ ಮೂಲಕವೇ ಮೊಟ್ಟೆಗೆ ಹೋಗಲಿ ಅಂತ. ಗಾಳಿ ಎಲ್ಲಿ ಹರಿಯುತ್ತೆ ಅಂತ ನೋಡೋಕೆ ಊದಿನಕಡ್ಡಿ. ಬಾಗಿಲಿಗೆ ಗಾಜಿನ ಕಿಂಡಿ ಇದೆಯಲ್ಲ, ಟಾರ್ಚ್ ಬಿಟ್ಟರೆ ಹೊಗೆಯ ಎಳೆ ಚೆನ್ನಾಗಿ ಕಾಣುತ್ತೆ. ಟ್ರೇ ತುಂಬ ಮೊಟ್ಟೆ ಇಟ್ಟೇ ನೋಡಬೇಕು, ಖಾಲಿ ಪೆಟ್ಟಿಗೆಯಲ್ಲಿ ಹೊಗೆ ಬೇರೆ ದಾರಿ ಹಿಡಿಯುತ್ತೆ. ಟ್ರೇ ಬಾಗಿಲಿಗೆ ಅಂಟಿಕೊಂಡಿದ್ದರಿಂದ ಆ ಕಡೆ ಗಾಳಿ ಸತ್ತೇಹೋಗಿತ್ತು. ಎರಡು ಬೆರಳು ಸಂದಿ ಬಿಟ್ಟೆ, ಬಾಗಿಲಿನ ರಬ್ಬರ್ ಬದಲಾಯಿಸಿದೆ, ಫ್ಯಾನು ತಿರುಗಿಸಿದೆ. ಫ್ಯಾನಿನ ಕೋನದಲ್ಲೂ ಒಂದು ಗುಟ್ಟಿದೆ, ಇರಲಿ. ಮೂಲೆ ಮೂಲೆಗೆ ಮೂರು ಡಿಗ್ರಿ ಇದ್ದ ಅಂತರ ಅರ್ಧ ಡಿಗ್ರಿಗಿಂತ ಕೆಳಗೆ ಬಂತು.

ಬಾಮೈದ ಯಾರದ್ದೋ ಥರ್ಮಲ್ ಕ್ಯಾಮೆರಾ, ಅಂದರೆ ಬಿಸಿಯನ್ನು ಬಣ್ಣದಲ್ಲಿ ತೋರಿಸೋದು, ತಂದುಕೊಟ್ಟಿದ್ದ. ಚಿತ್ರ ಬಣ್ಣಬಣ್ಣ. ಆದರೆ ಅದಕ್ಕೆ ಗಾಜಿನ ಆಚೆ ಕಾಣಲ್ಲ, ಬಾಗಿಲು ತೆಗೆದರೆ ಒಳಗಿನ ಬಿಸಿ ಅಷ್ಟೂ ಹೊರಗೆ. ರಬ್ಬರ್ ಎಲ್ಲಿ ಸೋರುತ್ತೆ ಅಂತ ಹೊರಗಿನಿಂದ ಹುಡುಕೋಕೆ ಆಯ್ತು, ಅಷ್ಟೇ.

ಅದಕ್ಕಿಂತ ಮಜಾ ಬಂದಿದ್ದು ಕಾವಿಗೆ ಕೂತ ಹೇಂಟೆ ಕೆಳಗೆ ಪ್ರೋಬ್ ಇಟ್ಟಾಗ. ಮೊಟ್ಟೆಯೊಂದರ ಎರಡೂ ಮಗ್ಗುಲಿಗೆ ಒಂದೊಂದು ಅಂಟಿಸಿ, ವೈರನ್ನು ಹುಲ್ಲಲ್ಲಿ ಮುಚ್ಚಿದೆ. "ಲೇ, ಅದರ ಪಾಡಿಗೆ ಅದನ್ನ ಬಿಡೋ, ಕೋಳಿಗೆ ಇರೋ ಬುದ್ಧಿ ವೈರಿಗೆ ಬರ್ತದಾ?" ಅಂತ ಅವ್ವ ಬೈದಳು. ಹೊಟ್ಟೆಗೆ ತಾಗಿದ ಮಗ್ಗುಲು 39ರ ಹತ್ತಿರ, ಹುಲ್ಲಿನ ಕಡೆಯದ್ದು ಮೂರ್ನಾಲ್ಕು ಡಿಗ್ರಿ ಕಡಿಮೆ. ಹೇಂಟೆ ಕೊಕ್ಕಿನಿಂದ ಮೊಟ್ಟೆ ಹೊರಳಿಸಿದ ಕೂಡಲೇ ಗ್ರಾಫಿನಲ್ಲಿ ಎರಡು ಗೆರೆ ಅದಲುಬದಲು. ಮೇಯೋಕೆ ಎದ್ದುಹೋದಾಗ ಕಾಲು ಗಂಟೆ ಎರಡೂ ಇಳಿಮುಖ. ಆಮೇಲಿಂದ ಕರೆಂಟು ಅರ್ಧ ಗಂಟೆ ಹೋದರೆ ನಾನು ಓಡಾಡಲ್ಲ. ಸ್ವಲ್ಪ ಹೊತ್ತು ತಣ್ಣಗಾದರೆ ಮೊಟ್ಟೆ ತಡೆಯುತ್ತೆ, ಬಿಸಿ ಏರಿದರೆ ತಡೆಯಲ್ಲ.

ಇನ್ನೊಂದು, ಕೊನೆ ವಾರ. ಆಗ ಒಳಗಿನ ಮರಿಯೇ ಶಾಖ ಬಿಡುತ್ತೆ, ಮೊಟ್ಟೆಗೆ 0.1 ವ್ಯಾಟಿಗಿಂತ ಸ್ವಲ್ಪ ಜಾಸ್ತಿ. ನೂರೈವತ್ತು ಸೇರಿದರೆ ಒಂದು ಜೀರೋ ಬಲ್ಬಿಗಿಂತ ಮೇಲೆ. ಹುಸಿ ಮೊಟ್ಟೆಗೆ ಜೀವ ಇಲ್ಲ, ಅದು ಇದನ್ನು ಹೇಳಲ್ಲ. ಹಾಗಾಗಿ 14ನೇ ದಿನದ ಮೇಲೆ ಒಂದು ಪ್ರೋಬನ್ನು ನಿಜವಾದ ಮೊಟ್ಟೆಯ ಚಿಪ್ಪಿಗೇ ಪ್ಲಾಸ್ಟರಿನಲ್ಲಿ ಅಂಟಿಸ್ತೀನಿ. ಚಿಪ್ಪು 38 ದಾಟಿದರೆ ಕಂಟ್ರೋಲರನ್ನು ಒಂದೆರಡು ಪಾಯಿಂಟ್ (0.1, 0.2 ಡಿಗ್ರಿ) ಇಳಿಸ್ತೀನಿ, ಮೇಲಿನ ಗಾಳಿ ಕಿಂಡಿ ಪೂರ್ತಿ ತೆಗೀತೀನಿ.

ಒಟ್ಟು ಖರ್ಚು, ದಂಡ ಆದದ್ದು ಬಿಟ್ಟು, ನಾಲ್ಕೂವರೆ ಸಾವಿರದೊಳಗೆ. ದಂಡ ಆದದ್ದನ್ನ ಮನೆಯಲ್ಲಿ ಇನ್ನೂ ಹೇಳಿಲ್ಲ. ಏಪ್ರಿಲ್ ತಿಂಗಳು ಮಾತ್ರ ಸರಿಹೋಗಿಲ್ಲ: ಕೋಣೆಯೇ 36 ಮುಟ್ಟಿದಾಗ ಬಲ್ಬ್ ಆರಿಯೇ ಇದ್ದರೂ ಕೊನೆ ವಾರದ ಕಾವು ಏರ್ತಾ ಹೋಗುತ್ತೆ. ಸದ್ಯಕ್ಕೆ ಬೇಸಿಗೆಯಲ್ಲಿ ಅರ್ಧ ಟ್ರೇ ಮಾತ್ರ ತುಂಬಿಸಿ, ಪೆಟ್ಟಿಗೆ ಪಕ್ಕ ಒದ್ದೆ ಗೋಣಿ ಕಟ್ಟಿ ಓಡಿಸ್ತಿದ್ದೀನಿ.