ಪೋಸ್ಟ್ ತೆಗೆದುಹಾಕಿದ್ರಾ? ಕೂಗಾಡುವ ಮುಂಚೆ ಇದನ್ನು ಓದಿ

ನಮ್ಮೂರಿಗೆ ಯಕ್ಷಗಾನ ಮೇಳ ಬಂದಿತ್ತು. ನಾನು ಖುಷಿಯಲ್ಲಿ "ಇವತ್ತು ರಾತ್ರಿ ಶಾಲೆ ಮೈದಾನದಲ್ಲಿ ಕೀಚಕ ವಧೆ, ಮನೆಮಂದಿಯೆಲ್ಲ ಬನ್ನಿ" ಅಂತ ಬರೆದು ಹಾಕಿದೆ. ಹತ್ತು ನಿಮಿಷದಲ್ಲಿ ಪೋಸ್ಟ್ ಮಾಯ. ಹಿಂಸೆಗೆ ಕುಮ್ಮಕ್ಕು ಕೊಟ್ಟಿದ್ದೀರಿ ಅಂತ ನೋಟಿಸ್. ಕೀಚಕ ಯಾರು ಅಂತ ಯಂತ್ರಕ್ಕೇನು ಗೊತ್ತು, ಪಾಪ! ಸಿಟ್ಟಿನಲ್ಲಿ ಅಪೀಲ್ ಬಾಕ್ಸಿನ ತುಂಬ ವಾಕ್ ಸ್ವಾತಂತ್ರ್ಯ ಕೊಡುವ ಸಂವಿಧಾನದ 19(1)(ಎ) ವಿಧಿಯನ್ನೇ ಬರೆದು ಕಳಿಸಿದೆ. ಆಗಲ್ಲ ಅಂತ ಉತ್ತರ ಬಂತು.

ತಪ್ಪು ನನ್ನದೇ. ಆ ವಿಧಿ ಮುಖ್ಯವಾಗಿ ಸರ್ಕಾರದ ಕೈ ಕಟ್ಟುವುದಕ್ಕೆ ಇರುವಂಥದ್ದು. 2023ರ ಜನವರಿಯಲ್ಲಿ ಕೌಶಲ್ ಕಿಶೋರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ಖಾಸಗಿಯವರ ವಿರುದ್ಧವೂ ಈ ಹಕ್ಕು ಕೇಳಬಹುದು ಅಂದರು, ಪೀಠದ ಐದನೆಯವರು, ನಮ್ಮ ಕರ್ನಾಟಕದವರೇ ಆದ ಬಿ.ವಿ. ನಾಗರತ್ನ ಒಪ್ಪಲಿಲ್ಲ. ಆದರೆ ಅಪೀಲ್ ಬಾಕ್ಸ್ ಕೋರ್ಟಲ್ಲ. ಅಲ್ಲಿ ಕುಳಿತವರು ನೋಡುವುದು ಅವರ ಕಂಪನಿ ನಿಯಮ ಮಾತ್ರ. 2019ರಲ್ಲಿ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆಗೇ ಬೀಗ ಬಿತ್ತು. ಅವರು ಹಾಕಿಕೊಂಡಿದ್ದ ಚಿತ್ರ ಯಾವುದು ಗೊತ್ತಾ? ನಾಜಿ ಸೆಲ್ಯೂಟ್ ಹೊಡೆಯುವ ಗುಂಪಿನ ನಡುವೆ ಕೈಕಟ್ಟಿ ನಿಂತ ಒಬ್ಬನೇ ಒಬ್ಬ ಮನುಷ್ಯನದು. ಅದು ದ್ವೇಷದ ಚಿತ್ರವಂತೆ! ಅಲ್ಲಿಂದ ಶುರುವಾದ ಜಗಳ ದೆಹಲಿ ಹೈಕೋರ್ಟಿನ ಮೆಟ್ಟಿಲು ಹತ್ತಿತು.

ಹಾಗಾಗಿ ಮೊದಲು ಕತ್ತರಿ ಹಾಕಿದ್ದು ಯಾರು ಅಂತ ಪತ್ತೆ ಮಾಡಿ. ನೋಟಿಸಿನಲ್ಲಿ "ನಮ್ಮ ಸಮುದಾಯ ನಿಯಮ" ಅಂತಿದ್ದರೆ ಕಂಪನಿ. "ಭಾರತದಲ್ಲಿ ತಡೆಹಿಡಿಯಲಾಗಿದೆ" ಅಂತಿದ್ದರೆ ಹೆಚ್ಚಾಗಿ ಸರ್ಕಾರದ ಅಥವಾ ಕೋರ್ಟಿನ ಆದೇಶ. ಅನುಮಾನ ಇದ್ದರೆ ದುಬೈಯಲ್ಲೋ ಅಮೆರಿಕದಲ್ಲೋ ಇರುವ ನೆಂಟರಿಗೆ ಲಿಂಕ್ ಕಳಿಸಿ, ಅವರಿಗೆ ಕಾಣುತ್ತಾ ಕೇಳಿ. ಪೋಸ್ಟ್ ತಡೆಯುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುವ ಐಟಿ ಕಾಯ್ದೆಯ 69ಎ ಸೆಕ್ಷನ್ ಅಡಿ ಬಂದ ಆದೇಶವಾದರೆ ಕಂಪನಿಯ ಹತ್ತಿರ ಗೋಗರೆದು ಪ್ರಯೋಜನ ಕಮ್ಮಿ, ವಕೀಲರನ್ನು ನೋಡಬೇಕು. ಇಂಥ ಆದೇಶಗಳ ವಿರುದ್ಧ ಟ್ವಿಟರ್ ಕಂಪನಿಯೇ ಕರ್ನಾಟಕ ಹೈಕೋರ್ಟಿಗೆ ಹೋಗಿ, 2023ರ ಜೂನ್‌ನಲ್ಲಿ ಏಕಸದಸ್ಯ ಪೀಠದ ಮುಂದೆ ಸೋತು, 50 ಲಕ್ಷ ರೂಪಾಯಿ ದಂಡ ಹಾಕಿಸಿಕೊಂಡಿತ್ತು.

ಯೂಟ್ಯೂಬಿನ ಕಾಪಿರೈಟ್ ಸ್ಟ್ರೈಕ್, ಅಂದರೆ ನಮ್ಮದನ್ನು ಬಳಸಿದ್ದಾರೆ ಅಂತ ಯಾರೋ ದೂರು ಕೊಟ್ಟು ವಿಡಿಯೊ ತೆಗೆಸುವುದು, ಬೇರೆಯೇ ಕತೆ. ಅದಕ್ಕೆ ಎದುರು ನೋಟಿಸ್ (ಕೌಂಟರ್ ನೋಟಿಫಿಕೇಶನ್) ಕೊಡುವ ದಾರಿ ಇದೆ. ಅದರಲ್ಲಿ ನಿಮ್ಮ ಹೆಸರು, ವಿಳಾಸ ದೂರು ಕೊಟ್ಟವರ ಕೈಗೆ ಹೋಗುತ್ತದೆ, ನೋಡಿಕೊಂಡು ಕೊಡಿ.

ಕಂಪನಿಯೇ ತೆಗೆದಿದ್ದರೆ ತಕ್ಷಣ ಸ್ಕ್ರೀನ್‌ಶಾಟ್ ತಗೊಳ್ಳಿ. ಪೋಸ್ಟ್, ನೋಟಿಸ್, ತಾರೀಖು, ಲಿಂಕ್, ಎಲ್ಲವೂ ಬೇಕು. ಅದೇ ಪೋಸ್ಟನ್ನು ಹಟಕ್ಕೆ ಬಿದ್ದು ಮತ್ತೆ ಹಾಕಬೇಡಿ, ಖಾತೆಗೇ ಕುತ್ತು ಬರುತ್ತೆ. ಅಪೀಲ್ ಬರೆಯುವಾಗ ಕನ್ನಡ ಗೊತ್ತಿಲ್ಲದ, ಊರು ಗೊತ್ತಿಲ್ಲದ ಒಬ್ಬ ಮನುಷ್ಯ ಓದುತ್ತಾನೆ ಅಂದುಕೊಳ್ಳಿ. ನಾನು ಎರಡನೇ ಸಲ ಬರೆದದ್ದು ಇಷ್ಟೇ: "ಕೀಚಕ ಮಹಾಭಾರತದ ಪಾತ್ರ. ಕೀಚಕ ವಧೆ ಎಂಬುದು ಯಕ್ಷಗಾನ ಪ್ರಸಂಗದ ಹೆಸರು. ಇದು ಆಟಕ್ಕೆ ಕರೆ, ಯಾರ ಮೇಲೂ ಬೆದರಿಕೆ ಇಲ್ಲ. ಕರಪತ್ರದ ಫೋಟೋ ಲಗತ್ತಿಸಿದ್ದೇನೆ." ಇದನ್ನೇ ಇಂಗ್ಲಿಷಿನಲ್ಲೂ ಕೆಳಗೆ ಹಾಕಿದೆ. ಬೇಜಾರಿನ ಮಾತೇ, ಆದರೆ ಕೆಲಸ ಆಗಬೇಕಲ್ವಾ.

ಇದನ್ನು ಕಳಿಸಿದ್ದು ಅಪೀಲ್ ಬಾಕ್ಸಿಗಲ್ಲ, ಕುಂದುಕೊರತೆ ಅಧಿಕಾರಿಗೆ. 2021ರ ಐಟಿ ನಿಯಮದ ಪ್ರಕಾರ ಪ್ರತಿ ದೊಡ್ಡ ಕಂಪನಿಯೂ ಭಾರತದಲ್ಲೇ ಇರುವ ಇಂಥ ಅಧಿಕಾರಿಯ ಹೆಸರು, ವಿಳಾಸ ತನ್ನ ಆ್ಯಪಿನಲ್ಲಿ ಹಾಕಿರಬೇಕು. ಹುಡುಕಿ, ಎಲ್ಲೋ ಮೂಲೆಯಲ್ಲಿ ಇಟ್ಟಿರುತ್ತಾರೆ. ದೂರು ಸಿಕ್ಕಿದೆ ಅಂತ 24 ಗಂಟೆಯೊಳಗೆ ಹೇಳಬೇಕು. ಬರೆಯುವಾಗ 4(8)ನೇ ನಿಯಮವನ್ನು ಹೆಸರಿಸಿ: ಕಂಪನಿ ತಾನಾಗಿ ಪೋಸ್ಟ್ ತೆಗೆದರೆ ಕಾರಣ ತಿಳಿಸಬೇಕು, ನಿಮ್ಮ ಮಾತು ಕೇಳಬೇಕು ಅನ್ನುತ್ತದೆ ಅದು. ಸಂವಿಧಾನಕ್ಕಿಂತ ಈ ಪುಟ್ಟ ನಿಯಮಕ್ಕೇ ಅಲ್ಲಿ ಬೆಲೆ ಜಾಸ್ತಿ.

ಅಲ್ಲೂ ಆಗಲಿಲ್ಲವಾ? 30 ದಿನದೊಳಗೆ ಕುಂದುಕೊರತೆ ಮೇಲ್ಮನವಿ ಸಮಿತಿಗೆ, ಅಂದರೆ ಜಿಎಸಿಗೆ ಹೋಗಿ. 2023ರಲ್ಲಿ ಶುರುವಾದದ್ದು, ಎಲ್ಲ ಆನ್‌ಲೈನ್. ಸಮಿತಿ ನೇಮಿಸುವುದು ಕೇಂದ್ರ ಸರ್ಕಾರ. ಹಾಗಾಗಿ ನಿಮ್ಮ ಪೋಸ್ಟ್ ಸರ್ಕಾರವನ್ನೇ ಬೈದದ್ದಾದರೆ ನಾನಂತೂ ಜಾಸ್ತಿ ಆಸೆ ಇಟ್ಟುಕೊಳ್ಳಲ್ಲ.

ನನಗೆ ಅಲ್ಲಿವರೆಗೆ ಹೋಗಬೇಕಾಗಲಿಲ್ಲ. ಐದನೇ ದಿನ ಪೋಸ್ಟ್ ವಾಪಸ್ ಬಂತು. ಅಷ್ಟರಲ್ಲಿ ಕೀಚಕ ಸತ್ತು, ಮೇಳ ಗಂಟುಮೂಟೆ ಕಟ್ಟಿ ನಾಲ್ಕು ಊರು ದಾಟಿತ್ತು.