ಲೆಕ್ಕದ ಪುಸ್ತಕದ ಎಡಪುಟ

ನಾಲ್ಕು ವರ್ಷದ ಹಿಂದೆ ನಮ್ಮ ಮನೆ ಪ್ರಾರ್ಥನಾ ಕೂಟದಲ್ಲಿ, ಸತ್ಯವೇದದ (ಬೈಬಲಿನ) ವಚನವನ್ನು ಅಂಗಡಿಯ ಲೆಕ್ಕದ ಪುಸ್ತಕದಲ್ಲಿಯೇ ಬರೆದುಕೊಳ್ಳುವ ಈ ಕ್ರಮದ ಬಗ್ಗೆ ಮೊದಲ ಸಲ ಹೇಳಿದಾಗ ಇಬ್ಬರು ನಕ್ಕರು, ಒಬ್ಬ ಹಿರಿಯರು ಗದರಿಸಿದರು. ವಾಕ್ಯವನ್ನು ಹೃದಯದಲ್ಲಿ ಇಟ್ಟುಕೊಳ್ಳಬೇಕೇ ಹೊರತು ಬಡ್ಡಿಯ ಲೆಕ್ಕದ ಮಗ್ಗುಲಲ್ಲಿ ಬರೆಯಬಾರದು, ಅದು ಅಗೌರವ ಎಂಬುದು ಅವರ ವಾದವಾಗಿತ್ತು. ಕಳೆದ ಡಿಸೆಂಬರಿನಲ್ಲಿ ನಾನು ಸಾಲದ ಕೊನೆಯ ಕಂತು ಕಟ್ಟಿ ಬಂದ ಮೇಲೆ ಅದೇ ಹಿರಿಯರು ಆ ಪುಸ್ತಕವನ್ನು ಒಮ್ಮೆ ನೋಡಬಹುದೇ ಎಂದು ಕೇಳಿದರು. ತೋರಿಸಿದೆ, ಆದರೆ ಎಲ್ಲ ಪುಟಗಳನ್ನು ತೋರಿಸಲಿಲ್ಲ.

ಬೆಟಗೇರಿಯಲ್ಲಿ ನನ್ನದು ಮೋಟಾರ್ ವೈಂಡಿಂಗ್ ಅಂಗಡಿ, ಸುಟ್ಟ ಮೋಟಾರುಗಳಿಗೆ ಹೊಸ ತಂತಿ ಸುತ್ತಿಕೊಡುವ ಕೆಲಸ. ಖರ್ಚು ಕಳೆದು ತಿಂಗಳಿಗೆ ಇಪ್ಪತ್ತೆರಡು ಸಾವಿರದ ಆಸುಪಾಸು ಉಳಿಯುತ್ತಿದ್ದ ಕಾಲದಲ್ಲಿ, ಅಂದರೆ 2018ರಲ್ಲಿ, ಹೆಂಡತಿಯ ತಮ್ಮ ಗೂಡ್ಸ್ ಗಾಡಿಗೆಂದು ಖಾಸಗಿಯವರಿಂದ ಎತ್ತಿದ ಎರಡೂವರೆ ಲಕ್ಷಕ್ಕೆ ಜಾಮೀನು ನಿಂತೆ. ಬಡ್ಡಿ ತಿಂಗಳಿಗೆ ನೂರಕ್ಕೆ ಮೂರು. ಲಾಕ್‌ಡೌನಿನ ವರ್ಷ ಗಾಡಿ ನಿಂತಿತು, ಅವನು ಊರು ಬಿಟ್ಟ, ತಿಂಗಳಿಗೆ ಏಳೂವರೆ ಸಾವಿರ ಬಡ್ಡಿ ನನ್ನ ತಲೆಗೆ ಬಂತು. ತಾಮ್ರದ ತಂತಿಯ ಅಂಗಡಿಗೆ ಕೊಡಬೇಕಾದ ಅರವತ್ತು ಸಾವಿರ ಬೇರೆಯೇ ಇತ್ತು. ಹೆಚ್ಚುಕಡಿಮೆ ಒಂದು ವರ್ಷ ಬರೀ ಬಡ್ಡಿ ಕಟ್ಟಿದೆ. ತೊಂಬತ್ತು ಸಾವಿರ ಹೋಯಿತು, ಅಸಲಿನಲ್ಲಿ ಒಂದು ರೂಪಾಯಿಯೂ ಕರಗಲಿಲ್ಲ.

ಆ ವರ್ಷ ನಾನು ವಾಕ್ಯ ಓದದೇ ಇದ್ದೆನೆಂದಲ್ಲ. ಹೊಸ ವರ್ಷದ ರಾತ್ರಿಯ ಆರಾಧನೆಯಲ್ಲಿ ಎಲ್ಲರಂತೆ ವಾಗ್ದಾನದ ಚೀಟಿ, ಅಂದರೆ ಆ ವರ್ಷಕ್ಕೆಂದು ಒಂದು ವಚನ ಬರೆದ ಚೀಟಿ, ಎತ್ತಿದ್ದೆ, ಯೆರೆಮೀಯ 29:11 ಬಂದಿತ್ತು. ನಿಮಗಾಗಿ ನಾನು ಮಾಡಿರುವ ಆಲೋಚನೆಗಳು ಹಿತದವು ಎಂಬ ಆ ವಚನವನ್ನು ಗಲ್ಲೆಯ ಮೇಲೆ ಅಂಟಿಸಿ, ಅದರ ಧೈರ್ಯದಲ್ಲಿಯೇ ತಂತಿಗೆಂದು ಮತ್ತೆ ಇಪ್ಪತ್ತು ಸಾವಿರ ಕೈಗಡ ತಂದೆ. ಅದರ ಮೇಲಿನ ಹತ್ತನೆಯ ವಚನದಲ್ಲಿ ಎಪ್ಪತ್ತು ವರ್ಷ ಕಾಯಬೇಕೆಂಬ ಮಾತಿದೆ, ಐದನೆಯ ವಚನದಲ್ಲಿ ಬಾಬೆಲಿನಲ್ಲಿಯೇ ಮನೆ ಕಟ್ಟಿರಿ, ತೋಟ ಮಾಡಿರಿ ಎಂದಿದೆ. ಸೆರೆಹೋದವರಿಗೆ ಬರೆದ ಆ ಪತ್ರವನ್ನು ಮೇಲಿನಿಂದ ಓದಿದ್ದರೆ ನಾನು ಸಾಲಕ್ಕೆ ಹೋಗುತ್ತಿರಲಿಲ್ಲ, ಇದ್ದ ಗಿರಾಕಿಗಳಿಂದ ಬಾಕಿ ವಸೂಲಿಗೆ ಹೋಗುತ್ತಿದ್ದೆ. ಚೀಟಿಯಲ್ಲಿ ಮೇಲಿನ ವಚನಗಳಿಗೆ ಜಾಗವಿರುವುದಿಲ್ಲ. ಹೊರಗಿನಿಂದ ಬಂದ ಪ್ರಸಂಗಿಯೊಬ್ಬರು ಬಿತ್ತಿದಷ್ಟು ಬೆಳೆಯುತ್ತದೆ ಎಂದಾಗ ಐದು ಸಾವಿರ ಕಾಣಿಕೆಯನ್ನೂ ಹಾಕಿದೆ. ಅದನ್ನು ನಾನು ನಷ್ಟದ ಕಾಲಮ್ಮಿನಲ್ಲಿಯೇ ಬರೆದಿದ್ದೇನೆ. ದಶಮಾಂಶದ, ಅಂದರೆ ಆದಾಯದ ಹತ್ತನೆಯ ಒಂದು ಪಾಲಿನ ಕಾಣಿಕೆಯ, ಮಾತು ಬೇರೆ. ಅದನ್ನು ಸಾಲದಲ್ಲಿದ್ದಾಗಲೂ ನಿಲ್ಲಿಸಲಿಲ್ಲ, ಆದರೆ ಗಲ್ಲೆಗೆ ಬಿದ್ದ ಹಣದ ಮೇಲಲ್ಲ, ಉಳಿದ ಹಣದ ಮೇಲೆ ಕೊಟ್ಟೆ.

ಅನಂತರ ಸತ್ಯವೇದದ ಜ್ಞಾನೋಕ್ತಿಗಳ ಪುಸ್ತಕವನ್ನು ತಾರೀಖಿಗೊಂದು ಅಧ್ಯಾಯದಂತೆ ಓದಿದೆ. ಮೂವತ್ತೊಂದು ಅಧ್ಯಾಯ, ಮೂವತ್ತೊಂದು ದಿನ, ಎಲ್ಲರಿಗೂ ಗೊತ್ತಿರುವ ಕ್ರಮವೇ. ಐದು ತಿಂಗಳು ತಪ್ಪದೆ ಮಾಡಿದೆ. ಬೆಳಿಗ್ಗೆ ಮೂವತ್ತು ವಚನ ಓದಿದರೆ ಮಧ್ಯಾಹ್ನದ ರೊಟ್ಟಿಯ ಹೊತ್ತಿಗೆ ಒಂದೂ ನೆನಪಿರುತ್ತಿರಲಿಲ್ಲ. ಮಾತುಮಾತಿಗೆ ಸೋಮಾರಿಯ ಪ್ರಸ್ತಾಪ ಬಂದಾಗ ನನಗೆ ನಾನಲ್ಲ, ನಮ್ಮ ಅಂಗಡಿಯ ಹುಡುಗನೇ ನೆನಪಾಗುತ್ತಿದ್ದ. 119ನೆಯ ಕೀರ್ತನೆಯನ್ನು ಬಾಯಿಪಾಠ ಮಾಡಲು ಹೊರಟಿದ್ದೂ ಉಂಟು. 176 ವಚನಗಳಲ್ಲಿ ನಾಲ್ಕನೆಯ ಭಾಗ, ಅಂದರೆ 32ನೆಯ ವಚನ ಮುಟ್ಟುವಷ್ಟರಲ್ಲಿ ಸುಗ್ಗಿ ಬಂತು, ಅಲ್ಲಿಗೆ ನಿಂತಿತು.

ಕೊನೆಗೆ ಫಲ ಕೊಟ್ಟ ಕ್ರಮವನ್ನು ಹೇಳುವುದು ಸುಲಭ. ಭಾನುವಾರ ರಾತ್ರಿ ಒಂದು ಅಧ್ಯಾಯವನ್ನು ಪೂರ್ತಿ ಓದಿ, ಅದರಲ್ಲಿ ಒಂದು ವಚನವನ್ನು ಲೆಕ್ಕದ ಪುಸ್ತಕದ ಎಡಪುಟದಲ್ಲಿ ಬರೆಯುತ್ತೇನೆ. ಅದರ ಕೆಳಗೆ ಆ ವಚನ ನನ್ನಿಂದ ಕೇಳುವ ಒಂದೇ ಒಂದು ಕೆಲಸ, ಅದು ಯಾರ ಬಳಿ ಆಗಬೇಕೋ ಅವರ ಹೆಸರು, ಯಾವ ವಾರ, ಎಷ್ಟು ರೂಪಾಯಿ. ಬಲಪುಟದಲ್ಲಿ ಆ ದಿನದ ಜಮಾ, ಖರ್ಚು, ಜಗಳ. ಕೆಲಸ ಆಗುವವರೆಗೆ ವಚನ ಬದಲಾಗುವಂತಿಲ್ಲ. ಮೊದಲ ವರ್ಷ ಐವತ್ತೆರಡು ವಾರಗಳಲ್ಲಿ ನಾನು ದಾಟಿದ್ದು ಇಪ್ಪತ್ತೆಂಟೋ ಮೂವತ್ತೋ ವಚನಗಳನ್ನು ಮಾತ್ರ, ಮತ್ತು ಇಷ್ಟು ನಿಧಾನವಾದರೆ ಸತ್ಯವೇದ ಮುಗಿಸುವುದು ಯಾವಾಗ ಎಂದು ಹೆಂಡತಿ ಕೇಳಿದ್ದಕ್ಕೆ ನನ್ನಲ್ಲಿ ಆಗ ಉತ್ತರವಿರಲಿಲ್ಲ. ವಚನಗಳನ್ನು ಯಾವ ಸರಣಿಯಲ್ಲಿ ಆರಿಸುತ್ತೇನೆಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದನ್ನು ಕಂಡುಕೊಳ್ಳಲು ಎರಡು ವರ್ಷ ತೆತ್ತಿದ್ದೇನೆ, ಬೇಕಾದವರು ಭಾನುವಾರ ಆರಾಧನೆ ಮುಗಿದ ಮೇಲೆ ನನ್ನನ್ನು ಹಿಡಿಯಬಹುದು.

ಜ್ಞಾನೋಕ್ತಿ 15:1ರ ಮೇಲೆ ನಾನು ಐದು ವಾರ ನಿಂತೆ. ಮೃದುವಾದ ಉತ್ತರ ಸಿಟ್ಟನ್ನು ಆರಿಸುತ್ತದೆ ಎಂಬುದು ಮೂರು ವರ್ಷದ ಮಗುವಿಗೂ ಗೊತ್ತು. ಬಲಪುಟದಲ್ಲಿ ಮೊದಲ ವಾರ ಆರು ಜಗಳ, ಎರಡನೆಯ ವಾರ ಏಳು. ದನಿ ತಗ್ಗಿಸಿ ಮಾತಾಡಿದರೂ ಜಗಳ ಹೆಚ್ಚುತ್ತಿದ್ದುದೇಕೆಂದು ಯೋಚಿಸಿದಾಗ, ನನ್ನ ದನಿ ಮೃದುವಾಗಿದ್ದರೂ ಉತ್ತರ ಮೃದುವಾಗಿರಲಿಲ್ಲ ಎಂಬುದು ಹೊಳೆಯಿತು. ಗಿರಾಕಿಗೆ ನನ್ನ ಮೊದಲ ವಾಕ್ಯ ಯಾವಾಗಲೂ, ಸ್ಟಾರ್ಟರ್ ನೋಡಿದ್ದೀರಾ, ವೋಲ್ಟೇಜ್ ನೋಡಿದ್ದೀರಾ ಎಂದೇ ಇರುತ್ತಿತ್ತು. ಅದು ಎಷ್ಟು ಮೆಲ್ಲಗೆ ಬಂದರೂ ತಪ್ಪು ನಿನ್ನದೇ ಎಂದು ಹೇಳಿದಂತೆ. ಎಡಪುಟದಲ್ಲಿದ್ದ ಕೆಲಸವನ್ನು ಹೊಡೆದುಹಾಕಿ, ಮೊದಲ ವಾಕ್ಯವನ್ನು ಬದಲಿಸುವುದು ಎಂದು ಬರೆದೆ.

ನಾಲ್ಕನೆಯ ವಾರ ಒಬ್ಬ ರೈತರು ಏಳೂವರೆ ಎಚ್‌ಪಿ ಮೋಟಾರನ್ನು ಟಂಟಂ ಗಾಡಿಯಿಂದ ಇಳಿಸುವ ಮೊದಲೇ ಕೂಗಾಡಲು ಶುರುಮಾಡಿದರು. ಹನ್ನೊಂದು ದಿನದ ಹಿಂದೆ ನಾನೇ ಸುತ್ತಿಕೊಟ್ಟದ್ದು, ಮತ್ತೆ ಸುಟ್ಟಿತ್ತು. ಬಿಚ್ಚಿ ನೋಡೋಣ, ನೀವೂ ಇಲ್ಲೇ ಕೂತು ನೋಡಿರಿ ಎಂದು ಹೇಳಿ ಸ್ಟೂಲು ಕೊಟ್ಟೆ. ಮುಚ್ಚಳ ತೆಗೆದಾಗ ಎರಡು ಫೇಸಿನ ಸುರುಳಿಗಳು ಕರಿಕಾಗಿ ವಾರ್ನಿಷ್ ವಾಸನೆ ಹೊಡೆಯುತ್ತಿದ್ದವು, ಮೂರನೆಯದು ನಾನು ಸುತ್ತಿದ ದಿನದಂತೆಯೇ ಹೊಳೆಯುತ್ತಿತ್ತು. ಸ್ಟಾರ್ ಜೋಡಣೆಯಲ್ಲಿ ಕರೆಂಟಿನ ಒಂದು ಫೇಸು ತಪ್ಪಿದರೆ ಹೀಗೆಯೇ ಆಗುತ್ತದೆ, ಅದು ಸುತ್ತಿದವನ ತಪ್ಪಲ್ಲ. ನಾನು ಬಾಯಿ ಬಿಡಲಿಲ್ಲ. ಅವರೇ ಬೆರಳಿನಿಂದ ಮುಟ್ಟಿ ನೋಡಿ, ಇದು ಯಾಕೆ ಸುಟ್ಟಿಲ್ಲ ಎಂದು ಕೇಳಿದರು. ಕೇಳಿದ ಮೇಲೆ ಹೇಳಿದೆ. ತಂತಿಯ ಖರ್ಚು ಮೂರು ಸಾವಿರ ಚಿಲ್ಲರೆ ಕೊಟ್ಟು ಹೋದರು, ಮುಂದಿನ ತಿಂಗಳು ಪಕ್ಕದ ಹೊಲದವರಿಬ್ಬರ ಮೋಟಾರುಗಳನ್ನೂ ತಂದರು. ಮೊದಲಿನ ನಾನಾಗಿದ್ದರೆ ಜಗಳವಾಡಿ, ಕೊನೆಗೆ ಪುಕ್ಕಟೆ ಸುತ್ತಿಕೊಟ್ಟು, ಗಿರಾಕಿಯನ್ನೂ ಕಳೆದುಕೊಳ್ಳುತ್ತಿದ್ದೆ. ವರ್ಷಕ್ಕೆ ಇಂಥವು ಏಳೆಂಟಾದರೂ ಇರುತ್ತಿದ್ದವು.

ಸಾಲ ತೀರಿಸಲು ದಾರಿ ತೋರಿಸಿದ್ದು ಜ್ಞಾನೋಕ್ತಿಯ ಆರನೆಯ ಅಧ್ಯಾಯದ ಮೊದಲ ಐದು ವಚನಗಳು. ಜಾಮೀನಿಗೆ ಸತ್ಯವೇದದ ಮಾತು ಹೊಣೆ. ಹೊಣೆಗೆ ಸಿಕ್ಕಿಬಿದ್ದವನು ಏನು ಮಾಡಬೇಕೆಂದು ಅಲ್ಲಿ ಬಿಡಿಸಿ ಹೇಳಿದೆ: ನೀನೇ ಹೋಗು, ತಗ್ಗಿಸಿಕೋ, ಬಿಡದೆ ಕಾಡು, ಅಲ್ಲಿಯವರೆಗೆ ನಿದ್ದೆ ಮಾಡಬೇಡ, ಬೇಟೆಗಾರನ ಕೈಯಿಂದ ಜಿಂಕೆ ತಪ್ಪಿಸಿಕೊಳ್ಳುವಂತೆ ತಪ್ಪಿಸಿಕೋ. ಇದರ ಮೇಲೆ ಕೇಳಿದ ಪ್ರಸಂಗಗಳೆಲ್ಲ ಜಾಮೀನು ನಿಲ್ಲಬೇಡಿರಿ ಎಂಬಲ್ಲಿಗೆ ಮುಗಿಯುತ್ತಿದ್ದವು. ನಿಂತಾದವನ ಪಾಡೇನೆಂದು ಯಾರೂ ಹೇಳಿರಲಿಲ್ಲ. ನಾನು ಒಂದು ವರ್ಷದಿಂದ ಬಡ್ಡಿಯನ್ನು ಹುಡುಗನ ಕೈಯಲ್ಲಿ ಕಳಿಸಿ ಸಾಲ ಕೊಟ್ಟವರಿಗೆ ಮುಖ ತಪ್ಪಿಸುತ್ತಿದ್ದೆ, ಅವರಿಂದ ನನ್ನನ್ನು ಬಿಡಿಸೆಂದು ಮೂರು ಶುಕ್ರವಾರ ಉಪವಾಸ ಪ್ರಾರ್ಥನೆಯನ್ನೂ ಮಾಡಿದ್ದೆ. ಎಡಪುಟದಲ್ಲಿ ನೀನೇ ಹೋಗು ಎಂಬಷ್ಟನ್ನೇ ಬರೆದು ಸೋಮವಾರ ರಾತ್ರಿ ಅವರ ಮನೆಗೆ ಹೋದೆ. ಬಾಗಿಲಲ್ಲಿ ನಿಲ್ಲಿಸಿ ಮಾತಾಡಿಸಿ ಕಳಿಸಿದರು. ಮಂಗಳವಾರ, ಗುರುವಾರ, ಮತ್ತೆ ಸೋಮವಾರ ಹೋದೆ. ಒಟ್ಟು ಒಂಬತ್ತು ಸಲವಿರಬೇಕು. ಒಂಬತ್ತನೆಯ ರಾತ್ರಿ ಒಳಗೆ ಕರೆದು, ಬಡ್ಡಿ ನಿಲ್ಲಿಸಿ ಅಸಲನ್ನು ತಿಂಗಳಿಗೆ ಎಂಟು ಸಾವಿರದಂತೆ ಕಟ್ಟಲು ಒಪ್ಪಿದರು. ಆ ರಾತ್ರಿ ನಾನು ಆಡಿದ ಮಾತು ನನ್ನಲ್ಲಿಯೇ ಇರಲಿ. ಸುಳ್ಳಿರಲಿಲ್ಲ, ಅಳುವೂ ಇರಲಿಲ್ಲ. ಎರಡು ತಿಂಗಳು ತಪ್ಪಿದ್ದನ್ನೂ ಸೇರಿಸಿ ಮೂವತ್ತನಾಲ್ಕು ತಿಂಗಳಾಯಿತು. ತಂತಿಯ ಅಂಗಡಿಯ ಬಾಕಿ ಮತ್ತು ಕೈಗಡ ನಡುವೆಯೇ ತೀರಿದವು.

ಈ ಮಧ್ಯೆ ಬೇರೆ ಕೆಲವು ಪ್ರಯೋಗಗಳೂ ನಡೆದವು. ಸುರುಳಿ ಸುತ್ತುವಾಗ ಮೊಬೈಲಿನಲ್ಲಿ ಸತ್ಯವೇದದ ಆಡಿಯೋ ಹಾಕಿದೆ. ಅರಸುಗಳ ಕಾಲದ ಸಂಖ್ಯೆಗಳೂ ನನ್ನ ಸುತ್ತುಗಳ ಎಣಿಕೆಯೂ ಬೆರೆತು ಒಂದು ಸ್ಟೇಟರ್ ಪೂರ್ತಿ ಹಾಳಾಯಿತು, ಒಂದು ಕಿಲೋ ತಂತಿ ಗುಜರಿಗೆ ಹೋಯಿತು. ಯಾಕೋಬನ ಪತ್ರಿಕೆಯನ್ನು ಒಂದೇ ಸಲ ಕೂತು ಗಟ್ಟಿಯಾಗಿ ಓದುವುದು ಮಾತ್ರ ಚೆನ್ನಾಗಿ ನಡೆಯಿತು. ಐದೇ ಅಧ್ಯಾಯ, ಹದಿನೈದು ಇಪ್ಪತ್ತು ನಿಮಿಷದ ಕೆಲಸ. ನಾಲಿಗೆಯ ಮಾತು ಮೊದಲ ಅಧ್ಯಾಯದಲ್ಲಿ ಶುರುವಾಗಿ ಮೂರನೆಯದರಲ್ಲಿ ಉರಿದು, ಹಿಡಿದಿಟ್ಟ ಕೂಲಿಯ ಕೂಗಾಗಿ ಐದನೆಯದರಲ್ಲಿ ಬರುವುದು ಬಿಡಿಬಿಡಿಯಾಗಿ ಓದಿದಾಗ ಕಾಣುವುದಿಲ್ಲ. ಕಂಡ ವಾರವೇ ಹುಡುಗನ ಬಾಕಿ ಸಂಬಳ ಮೂರೂವರೆ ಸಾವಿರ ಕೊಟ್ಟೆ. ಈಗ ಕೂಟದ ನಾಲ್ಕು ಜನ ಎಡಪುಟ ಬರೆಯುತ್ತಿದ್ದಾರೆ, ನಕ್ಕವರಲ್ಲಿ ಒಬ್ಬರು ಅದರಲ್ಲಿದ್ದಾರೆ.

ಸೋತದ್ದು ಒಂದು ಕಡೆ, ಹೆಂಡತಿಯ ತಮ್ಮನ ವಿಷಯದಲ್ಲಿ. ಮತ್ತಾಯ 18ರ ಸಾಮ್ಯಕಥೆಯಲ್ಲಿ ಜೊತೆಯ ಆಳು ಕೊಡಬೇಕಾದ ನೂರು ದಿನಾರಿಯನ್ನು ಚಿಲ್ಲರೆ ಎಂದು ಪ್ರಸಂಗಗಳಲ್ಲಿ ತೇಲಿಸಿಬಿಡುತ್ತಾರೆ. ದಿನಾರಿಯೆಂದರೆ ದಿನಗೂಲಿ, ಇಪ್ಪತ್ತನೆಯ ಅಧ್ಯಾಯದ ದ್ರಾಕ್ಷೇತೋಟದ ಆಳುಗಳ ಕೂಲಿ ಅದೇ. ಇವತ್ತಿನ ಆರುನೂರು ರೂಪಾಯಿಯ ಲೆಕ್ಕ ಹಿಡಿದರೂ ನೂರು ದಿನಾರಿ ಅರವತ್ತು ಸಾವಿರ, ಸಣ್ಣ ಮೊತ್ತವಲ್ಲ. ಒಂದು ತಲಾಂತಿಗೆ ಆರು ಸಾವಿರ ದಿನಾರಿಯಂತೆ ಅರಸನು ಮೊದಲನೆಯ ಆಳಿಗೆ ಬಿಟ್ಟುಕೊಟ್ಟ ಹತ್ತು ಸಾವಿರ ತಲಾಂತೆಂದರೆ ಆರು ಕೋಟಿ ದಿನದ ಕೂಲಿ. ಈ ಗುಣಾಕಾರವನ್ನು ಎಡಪುಟದಲ್ಲಿ ಮಾಡಿದ ರಾತ್ರಿ ಅವನ ಎರಡೂವರೆ ಲಕ್ಷವನ್ನು ನಾನು ಬಿಟ್ಟುಕೊಟ್ಟೆ. ಹಣ ಬಿಟ್ಟುಕೊಡುವುದು ಸುಲಭವಾಯಿತು. ಅವನೊಡನೆ ಕೂತು ಊಟ ಮಾಡುವುದು ಎಂದು ಬರೆದ ಕೆಲಸ ಮಾತ್ರ ಮೂರು ತಿಂಗಳಿಂದ ಗುರುತು ಬೀಳದೆ ಹಾಗೆಯೇ ಇದೆ, ಆದ್ದರಿಂದ ವಚನವೂ ಬದಲಾಗಿಲ್ಲ. ಕಳೆದ ವಾರ ಅವನು ಫೋನಿನ ಮೂಲಕ ಎರಡು ಸಾವಿರ ಕಳಿಸಿದ. ಬಲಪುಟದಲ್ಲಿ ಜಮಾ 2,000, ಮಾತಿಲ್ಲ ಎಂದು ಬರೆದಿದ್ದೇನೆ. ಈ ಭಾನುವಾರ ಅವನನ್ನು ಊಟಕ್ಕೆ ಕರೆದಿದ್ದಾಳೆ ನನ್ನ ಹೆಂಡತಿ, ನನ್ನನ್ನು ಕೇಳದೆಯೇ.