ಪಕ್ಕದ ಟೇಬಲ್‌ನ ಹೊಗೆ: ಸೇದುವವರ ಜೊತೆ ಜಗಳ ಬೇಡ, ಮ್ಯಾನೇಜರ್‌ನ ಕರೆಯಿರಿ

ನನ್ನ ಮಗಳಿಗೆ ಚಿಕ್ಕಂದಿನಿಂದ ವೀಸಿಂಗ್ ಇದೆ. ಚಳಿಗಾಲ ಬಂದರೆ ನಮ್ಮ ಮನೆಯಲ್ಲಿ ನೆಬ್ಯುಲೈಸರ್ ಸದ್ದು ಇದ್ದೇ ಇರುತ್ತೆ. ಅವಳ ಆರನೇ ಹುಟ್ಟುಹಬ್ಬಕ್ಕೆ ಮನೆ ಹತ್ತಿರದ ಒಂದು ಟೆರೇಸ್ ಹೋಟೆಲ್‌ಗೆ ಹೋಗಿದ್ದೆವು. ಊಟ ಬರುವಷ್ಟರಲ್ಲಿ ಪಕ್ಕದ ಟೇಬಲ್‌ನಲ್ಲಿ ನಾಲ್ಕು ಜನ ಸಿಗರೇಟು ಹಚ್ಚಿದರು. ನಾನು ಎದ್ದು ಸೀದಾ ಅವರ ಹತ್ತಿರ ಹೋಗಿ "ಇಲ್ಲಿ ಸೇದಬಾರದು, ಗೊತ್ತಿಲ್ವಾ?" ಅಂದೆ. ಮಾತಿಗೆ ಮಾತು ಬೆಳೆಯಿತು, ಅವರಲ್ಲೊಬ್ಬ "ಇದು ಓಪನ್ ಏರ್, ನಿಮ್ಗೆ ತೊಂದ್ರೆ ಆದ್ರೆ ನೀವೇ ಒಳಗೆ ಹೋಗಿ" ಅಂದ, ಹೋಟೆಲ್‌ನವರು ದೂರ ನಿಂತು ನೋಡುತ್ತಿದ್ದರು, ಕೊನೆಗೆ ಅರ್ಧ ಊಟ ಬಿಟ್ಟು ಮಗಳನ್ನು ಎತ್ತಿಕೊಂಡು ನಾವೇ ಮೆಟ್ಟಿಲು ಇಳಿದೆವು. ಆ ರಾತ್ರಿ ಎರಡು ಸಲ ನೆಬ್ಯುಲೈಸರ್ ಹಾಕಬೇಕಾಯಿತು.

ಮಾರನೇ ದಿನ ಕೂತು ಕಾನೂನು ಓದಿದೆ. ನಾನು ತಪ್ಪು ಮನುಷ್ಯನನ್ನು ಹಿಡಿದಿದ್ದೆ ಅಂತ ಆಗ ಗೊತ್ತಾಯಿತು. ಸೇದುವವರನ್ನು ತಡೆಯುವ ಕೆಲಸವನ್ನು ಕಾನೂನು ನನ್ನಂಥ ಗಿರಾಕಿಗೆ ಕೊಟ್ಟಿಲ್ಲ. ದೂರ ನಿಂತು ನೋಡುತ್ತಿದ್ದರಲ್ಲ, ಆ ಮ್ಯಾನೇಜರ್‌ಗೆ ಕೊಟ್ಟಿದೆ. ಇದು ತುಂಬಾ ಜನಕ್ಕೆ ಗೊತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಕಾನೂನು ಯಾರನ್ನು ಹಿಡಿಯುತ್ತೆ

ಸಾರ್ವಜನಿಕ ಜಾಗದಲ್ಲಿ ಸೇದಬಾರದು ಅನ್ನೋದು ಹೊಸ ಮಾತಲ್ಲ. 1999ರಲ್ಲಿ ಕೇರಳ ಹೈಕೋರ್ಟ್ ಹೇಳಿತು, 2001ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆಮೇಲೆ 2003ರಲ್ಲಿ ಕೋಟ್ಪಾ ಅಂತ ಕರೆಯುವ ತಂಬಾಕು ಕಾಯ್ದೆ ಬಂತು. ಸಾರ್ವಜನಿಕ ಜಾಗದಲ್ಲಿ ಸೇದುವಂತಿಲ್ಲ ಅನ್ನುವ ಅದರ 4ನೇ ಸೆಕ್ಷನ್ ನಮಗೆ ಬೇಕಾದದ್ದು. ಇದನ್ನು ಹೇಗೆ ಜಾರಿ ಮಾಡಬೇಕು ಅನ್ನುವ ವಿವರವಾದ ನಿಯಮಗಳು 2008ರ ಅಕ್ಟೋಬರ್ 2ರಿಂದ ದೇಶವಿಡೀ ಜಾರಿಯಲ್ಲಿವೆ. ನಮ್ಮ ರಾಜ್ಯ 2024ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಪಾಸು ಮಾಡಿತು, ರಾಷ್ಟ್ರಪತಿಗಳ ಒಪ್ಪಿಗೆ ಸಿಕ್ಕಿ 2025ರ ಮೇ ಕೊನೆಗೆ ಅದು ಗೆಜೆಟ್‌ನಲ್ಲಿ ಬಂತು. 200 ರೂಪಾಯಿ ಇದ್ದ ದಂಡ ಈಗ 1,000 ರೂಪಾಯಿವರೆಗೆ ಏರಿದೆ. ತಂಬಾಕು ಜಗಿದು ಉಗಿಯುವುದೂ ಸೇರಿಕೊಂಡಿದೆ. 21 ವರ್ಷದ ಒಳಗಿನವರಿಗೆ ಮಾರುವಂತಿಲ್ಲ, ಬಿಡಿ ಬಿಡಿಯಾಗಿ ಒಂದೊಂದೇ ಸಿಗರೇಟು ಮಾರುವಂತಿಲ್ಲ, ಶಾಲೆ ಕಾಲೇಜಿನ 100 ಮೀಟರ್ ಒಳಗೆ ಮಾರುವಂತಿಲ್ಲ. ಹುಕ್ಕಾ ಬಾರ್ ನಡೆಸಿದರೆ ಜೈಲು.

ಈಗ ಮುಖ್ಯವಾದ ಭಾಗ. ಹೋಟೆಲ್ಲೋ ಬಾರೋ ಮಾಲೋ ಆಫೀಸೋ, ಆ ಜಾಗದ ಓನರ್, ಮ್ಯಾನೇಜರ್ ಅಥವಾ ಉಸ್ತುವಾರಿ ಯಾರಿದ್ದಾರೋ ಅವರು ಅಲ್ಲಿ ಯಾರೂ ಸೇದದ ಹಾಗೆ ನೋಡಿಕೊಳ್ಳಬೇಕು. ಬಾಗಿಲ ಹತ್ತಿರ ಬೋರ್ಡ್ ಹಾಕಬೇಕು, ಕನಿಷ್ಠ 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲ. ಮಹಡಿ ಇದ್ದರೆ ಪ್ರತಿ ಮಹಡಿಯಲ್ಲೂ, ಮೆಟ್ಟಿಲ ಹತ್ತಿರವೂ, ಲಿಫ್ಟ್ ಬಾಗಿಲಲ್ಲೂ ಇರಬೇಕು. ದೂರು ಯಾರಿಗೆ ಕೊಡಬೇಕು ಅನ್ನುವವರ ಹೆಸರು ಎದ್ದು ಕಾಣುವ ಹಾಗೆ ಹಾಕಿರಬೇಕು. ಆಶ್‌ಟ್ರೇ, ಬೆಂಕಿಪೊಟ್ಟಣ, ಲೈಟರ್ ಇಡುವ ಹಾಗೇ ಇಲ್ಲ. ಆ ಟೆರೇಸ್ ಹೋಟೆಲ್‌ನಲ್ಲಿ ಪ್ರತಿ ಟೇಬಲ್ ಮೇಲೂ ಆಶ್‌ಟ್ರೇ ಇತ್ತು, ನನಗೆ ಆಗ ಅದು ಕಣ್ಣಿಗೇ ಬೀಳಲಿಲ್ಲ.

ಇನ್ನೊಂದು ಮಾತು, ಇದನ್ನು ನೆನಪಿಟ್ಟುಕೊಳ್ಳಿ. ಯಾರೋ ಸೇದುತ್ತಿದ್ದಾರೆ ಅಂತ ದೂರು ಬಂದ ಮೇಲೂ ಮ್ಯಾನೇಜರ್ ಸುಮ್ಮನಿದ್ದರೆ, ಎಷ್ಟು ಜನ ಸೇದಿದರೋ ಅಷ್ಟೂ ಜನರ ಲೆಕ್ಕದಲ್ಲಿ ದಂಡ ಅವರ ಮೇಲೆ ಬೀಳುತ್ತೆ. ದೂರು ಬಂದ ಮೇಲೆ ಅಂತ ಇದೆ, ಗಮನಿಸಿದಿರಲ್ವಾ? ಅಂದರೆ ನೀವು ಬಾಯಿಬಿಟ್ಟು ಹೇಳಲೇಬೇಕು. ಮುಖ ಸಿಂಡರಿಸಿಕೊಂಡು ಕೂತರೆ, ಕೆಮ್ಮಿ ತೋರಿಸಿದರೆ ಅದು ದೂರು ಆಗೋದಿಲ್ಲ.

ಹೋಟೆಲ್‌ನಲ್ಲಿ ಹೇಗೆ ಹೇಳಬೇಕು

ಸೇದುವವರ ಕಡೆ ತಿರುಗಲೇಬೇಡಿ. ಸಪ್ಲೈಯರ್ ಹುಡುಗನಿಗೂ ಹೇಳಬೇಡಿ, ಪಾಪ ಅವನು ಏನು ಮಾಡ್ತಾನೆ, ಗಿರಾಕಿಗೆ ಎದುರು ಮಾತಾಡಿದರೆ ಅವನ ಕೆಲಸಕ್ಕೇ ಕುತ್ತು. ಎದ್ದು ಕ್ಯಾಷ್ ಕೌಂಟರ್ ಹತ್ತಿರ ಹೋಗಿ ಮ್ಯಾನೇಜರ್ ಯಾರು ಅಂತ ಕೇಳಿ. ದನಿ ಏರಿಸದೆ ಹೇಳಿ: "ಸರ್, ನಮ್ಮ ಪಕ್ಕದ ಟೇಬಲ್‌ನಲ್ಲಿ ಸೇದುತ್ತಿದ್ದಾರೆ, ಮಗೂಗೆ ಉಬ್ಬಸ ಇದೆ, ನೀವೇ ಹೋಗಿ ಒಂದು ಮಾತು ಹೇಳಿ." ಹತ್ತರಲ್ಲಿ ಏಳೆಂಟು ಸಲ ಇಷ್ಟಕ್ಕೇ ಮುಗಿಯುತ್ತೆ, ಇದು ನನ್ನ ಅನುಭವ. ಹೋಟೆಲ್‌ನವರೇ ಬಂದು ಹೇಳಿದಾಗ ಸೇದುವವರಿಗೂ ಅವಮಾನ ಅನ್ನಿಸೋದಿಲ್ಲ, ಎದ್ದು ಆಚೆ ಹೋಗುತ್ತಾರೆ.

"ಇದು ಸ್ಮೋಕಿಂಗ್ ಏರಿಯಾ ಮೇಡಂ" ಅಂದರೆ? ಆಗ ಎರಡು ವಿಷಯ ನೋಡಿ. 30 ಜನ ಕೂರುವಷ್ಟು ದೊಡ್ಡ ರೆಸ್ಟೋರೆಂಟ್, 30 ರೂಮಿರುವ ಹೋಟೆಲ್, ಏರ್‌ಪೋರ್ಟ್, ಈ ಮೂರಕ್ಕೆ ಮಾತ್ರ ಸೇದುವ ಜಾಗ ಮಾಡಿಕೊಳ್ಳಲು ಅವಕಾಶ. ಆ ಜಾಗ ಹೇಗಿರಬೇಕು ಅಂದರೆ, ನೆಲದಿಂದ ಸೂರಿನವರೆಗೆ ಗೋಡೆ ಇರಬೇಕು, ತಾನಾಗಿ ಮುಚ್ಚಿಕೊಳ್ಳುವ ಬಾಗಿಲು ಇರಬೇಕು, ಒಳಗಿನ ಹೊಗೆ ಸೀದಾ ಹೊರಗೆ ಹೋಗಬೇಕೇ ಹೊರತು ಊಟದ ಹಾಲ್‌ಗೆ ಬರಬಾರದು. ಅಲ್ಲಿ ಊಟ ತಿಂಡಿ, ಡ್ರಿಂಕ್ಸ್ ಏನನ್ನೂ ಸಪ್ಲೈ ಮಾಡುವಂತಿಲ್ಲ. ಅಂದರೆ ಟೆರೇಸ್‌ನ ಅರ್ಧ ಭಾಗಕ್ಕೆ ನಾಲ್ಕು ಹೂಕುಂಡ ಅಡ್ಡ ಇಟ್ಟು "ಸ್ಮೋಕಿಂಗ್ ಝೋನ್" ಅಂತ ಚೀಟಿ ಅಂಟಿಸಿ ಅಲ್ಲೇ ಬಿಯರು, ಗೋಬಿ ಮಂಚೂರಿ ಕೊಡುತ್ತಿದ್ದರೆ ಅದು ಸ್ಮೋಕಿಂಗ್ ಏರಿಯಾ ಅಲ್ಲವೇ ಅಲ್ಲ.

ಬಾಯಿಮಾತಿಗೆ ಬಗ್ಗದಿದ್ದರೆ ಬರೆದು ಕೊಡಿ. ಹೋಟೆಲ್‌ನ ವಾಟ್ಸಾಪ್ ನಂಬರ್‌ಗೆ ಅಲ್ಲೇ ಕೂತು ಕಳಿಸಿದರೂ ಸಾಕು, ಸಮಯ ತಾನಾಗಿ ದಾಖಲಾಗುತ್ತೆ. ನಾನು ಬರೆಯುವುದು ಹೀಗೆ: "ಮ್ಯಾನೇಜರ್ ಅವರಿಗೆ, ಇವತ್ತು ರಾತ್ರಿ 8.30ಕ್ಕೆ ನಿಮ್ಮ ಎರಡನೇ ಮಹಡಿಯಲ್ಲಿ ಮೂರು ಜನ ಸಿಗರೇಟು ಸೇದುತ್ತಿದ್ದಾರೆ. ಟೇಬಲ್ ಮೇಲೆ ಆಶ್‌ಟ್ರೇ ಇದೆ, ಬೋರ್ಡ್ ಇಲ್ಲ. ಕೋಟ್ಪಾ 4ನೇ ಸೆಕ್ಷನ್ ಮತ್ತು 2008ರ ನಿಯಮಗಳ ಪ್ರಕಾರ ಇದನ್ನು ನಿಲ್ಲಿಸುವುದು ನಿಮ್ಮ ಜವಾಬ್ದಾರಿ. ನಿಮ್ಮ ಗಮನಕ್ಕೆ ತಂದಿದ್ದೇನೆ." ಬಿಲ್ ಜೋಪಾನ ಮಾಡಿ. ಆಶ್‌ಟ್ರೇ ಫೋಟೋ, ಬೋರ್ಡ್ ಇರಬೇಕಾದ ಖಾಲಿ ಗೋಡೆಯ ಫೋಟೋ ತೆಗೆದುಕೊಳ್ಳಿ. ಸೇದುವವರ ಮುಖ ಮಾತ್ರ ತೆಗೆಯಬೇಡಿ, ತೆಗೆದು ಎಲ್ಲೆಲ್ಲೋ ಹಾಕಬೇಡಿ. ಅದರಿಂದ ಜಗಳ ಆಗುತ್ತೆ, ಉಪಯೋಗ ಏನೂ ಇಲ್ಲ.

ಇದೇ ಕಾಗದವನ್ನು ಮಾರನೇ ದಿನ ನಿಮ್ಮ ಪಾಲಿಕೆಯ ಆರೋಗ್ಯ ವಿಭಾಗಕ್ಕೆ ಕೊಡಿ. ನಮ್ಮ ಬೆಂಗಳೂರಿನಲ್ಲಿ ಬಿಬಿಎಂಪಿ ಹೋಗಿ 2025ರ ಸೆಪ್ಟೆಂಬರ್‌ನಿಂದ ಐದು ಪಾಲಿಕೆ ಆಗಿವೆ, ಹಾಗಾಗಿ ಹೋಟೆಲ್ ಯಾವ ಪಾಲಿಕೆಗೆ ಸೇರುತ್ತೆ ಅಂತ ಮೊದಲು ನೋಡಿಕೊಳ್ಳಿ. ಹೆಲ್ತ್ ಇನ್ಸ್‌ಪೆಕ್ಟರ್‌ಗೆ ದಂಡ ಹಾಕುವ ಅಧಿಕಾರ ಇದೆ, ಹೋಟೆಲ್‌ನ ಟ್ರೇಡ್ ಲೈಸೆನ್ಸ್ ಕೂಡ ಆರೋಗ್ಯ ವಿಭಾಗದ ಕೈಯಲ್ಲೇ ಇರುವುದು. ಲೈಸೆನ್ಸ್ ಅಂದ ತಕ್ಷಣ ಓನರ್‌ಗಳು ಕಿವಿ ಕೊಡುತ್ತಾರೆ.

ಆಫೀಸು, ಬಸ್ ಸ್ಟಾಪು, ಅಪಾರ್ಟ್‌ಮೆಂಟು

ಆಫೀಸ್ ವಿಷಯ ಸುಲಭ. ಕೆಲಸದ ಜಾಗ ಪೂರ್ತಿ ಸಾರ್ವಜನಿಕ ಸ್ಥಳವೇ. ಕಟ್ಟಡದೊಳಗೆ "ಸ್ಮೋಕಿಂಗ್ ರೂಮ್" ಮಾಡಲು ಆಫೀಸ್‌ಗಳಿಗೆ ಅವಕಾಶವೇ ಇಲ್ಲ, ಮೇಲೆ ಹೇಳಿದ ಮೂರು ಕಡೆ ಬಿಟ್ಟು ಬೇರೆಲ್ಲೂ ಇಲ್ಲ. ದಂಡ ಹಾಕುವ ಅಧಿಕಾರ ಆಫೀಸ್‌ನ ಎಚ್‌ಆರ್ ಮ್ಯಾನೇಜರ್‌ಗೇ ಇದೆ. ಅವರಿಗೆ ಒಂದು ಮೇಲ್ ಹಾಕಿ. ಶಾಲೆಯಲ್ಲಿ ಹೆಡ್‌ಮಾಸ್ಟರ್‌ಗೆ, ಲೈಬ್ರರಿಯಲ್ಲಿ ಲೈಬ್ರರಿಯನ್‌ಗೆ ಇದೇ ಅಧಿಕಾರ ಇದೆ.

ಬಸ್ ಸ್ಟಾಪ್ ತೆರೆದ ಜಾಗ ಅಲ್ವಾ ಅಂತ ಕೇಳುತ್ತಾರೆ. ಕಾಯ್ದೆ ತೆರೆದ ಜಾಗವನ್ನು ಬಿಟ್ಟಿದೆ, ನಿಜ. ಆದರೆ ಬಸ್ ಸ್ಟಾಪ್, ಬಸ್ ಸ್ಟ್ಯಾಂಡ್, ರೈಲ್ವೆ ಸ್ಟೇಷನ್, ಸ್ಟೇಡಿಯಂ ತೆರೆದ ಜಾಗದ ಲೆಕ್ಕಕ್ಕೆ ಬರೋದಿಲ್ಲ ಅಂತ 2008ರ ನಿಯಮ ಸ್ಪಷ್ಟವಾಗಿ ಹೇಳಿದೆ. ಬನಶಂಕರಿಯ ಸ್ಟಾಪ್ ಇರಲಿ, ಮೆಜೆಸ್ಟಿಕ್‌ನ ಪ್ಲಾಟ್‌ಫಾರ್ಮ್ ಇರಲಿ, ಸೇದುವಂತಿಲ್ಲ. ಆದರೆ ಸ್ಟಾಪ್‌ನಲ್ಲಿ ಮ್ಯಾನೇಜರ್ ಎಲ್ಲಿಂದ ಬರಬೇಕು? ಅಲ್ಲಿ ಮಾತ್ರ ಮೆತ್ತಗೆ ಕೇಳುವುದೇ ದಾರಿ. "ಅಣ್ಣ, ಸ್ವಲ್ಪ ಆಚೆ ಹೋಗಿ ಸೇದ್ತೀರಾ, ಮಗು ಇದೆ" ಅಂದರೆ ನಮ್ಮ ಊರಿನ ಜನ ಸಾಮಾನ್ಯವಾಗಿ ಸರಿಯುತ್ತಾರೆ. ವಯಸ್ಸಾದವರಾದರೆ "ಯಜಮಾನ್ರೇ" ಅನ್ನಿ. ಆಟೋ ಕೂಡ ಇದೇ ಲೆಕ್ಕ. ಸಾರ್ವಜನಿಕ ವಾಹನ, ಡ್ರೈವರೂ ಸೇದುವಂತಿಲ್ಲ.

ಫುಟ್‌ಪಾತ್ ಮೇಲಿನ ಟೀ ಅಂಗಡಿ ಕಷ್ಟದ ಪ್ರಶ್ನೆ. ರಸ್ತೆ ಅನ್ನೋದು ನಿಯಮದ ಪಟ್ಟಿಯಲ್ಲಿ ಹೆಸರು ಹಿಡಿದು ಬಂದಿಲ್ಲ, ಅದಕ್ಕೇ ಅಲ್ಲಿ ವಾದ ಮುಗಿಯೋದಿಲ್ಲ. ಆದರೆ ಹತ್ತಿರ ಶಾಲೆ ಕಾಲೇಜು ಇದ್ದರೆ 100 ಮೀಟರ್ ನಿಯಮ ಇದೆ, ಬಿಡಿ ಸಿಗರೇಟು ಮಾರುವುದಂತೂ ಈಗ ಎಲ್ಲೂ ನಡೆಯೋದಿಲ್ಲ. ಅಪಾರ್ಟ್‌ಮೆಂಟ್‌ನಲ್ಲಿ ಫ್ಲಾಟ್ ಒಳಗೆ ಈ ಕಾಯ್ದೆ ಬರುವುದಿಲ್ಲ. ಲಿಫ್ಟ್, ಮೆಟ್ಟಿಲು, ಬೇಸ್‌ಮೆಂಟ್‌ಗೆ ಅಸೋಸಿಯೇಷನ್ ಮೀಟಿಂಗ್‌ನಲ್ಲಿ ಒಂದು ನಿರ್ಣಯ ಮಾಡಿಸಿ ಬೈಲಾಗೆ ಸೇರಿಸುವುದು ಒಳ್ಳೆಯದು.

ಮೀಟಿಂಗ್‌ನಲ್ಲಿ ವಾದ ಬಂದಾಗ

ಬಂದೇ ಬರುತ್ತೆ. ನಮ್ಮ ಅಸೋಸಿಯೇಷನ್‌ನಲ್ಲಿ ಎರಡು ಭಾನುವಾರ ಇದೇ ಚರ್ಚೆ ಆಯಿತು.

"ನನ್ನ ದುಡ್ಡು, ನನ್ನ ಎದೆ, ನಿಮಗೇನು?" ಅನ್ನುವವರಿಗೆ ಉತ್ತರ ಸಣ್ಣದು. ಸೇದಬೇಡಿ ಅಂತ ಯಾರೂ ಹೇಳುತ್ತಿಲ್ಲ, ಇಲ್ಲಿ ಬೇಡ ಅಂತ ಅಷ್ಟೇ. ಸಿಗರೇಟಿನ ಹೊಗೆಯಲ್ಲಿ 7,000ಕ್ಕೂ ಹೆಚ್ಚು ರಾಸಾಯನಿಕಗಳಿವೆ, ಅವುಗಳಲ್ಲಿ 70ರಷ್ಟು ಕ್ಯಾನ್ಸರ್ ತರುವಂಥವು, ಮತ್ತು ಪಕ್ಕದಲ್ಲಿ ಕೂತವರು ಇದನ್ನು ದುಡ್ಡು ಕೊಟ್ಟು ಕೊಂಡವರಲ್ಲ.

"ಸಿಲ್ಕ್ ಬೋರ್ಡ್ ಸಿಗ್ನಲ್‌ನಲ್ಲಿ ಕುಡಿಯೋ ಹೊಗೆಗಿಂತ ಇದು ಜಾಸ್ತಿನಾ?" ಇದನ್ನು ಕೇಳದ ಮೀಟಿಂಗೇ ಇಲ್ಲ. ಗಾಡಿ ಹೊಗೆ ಕೆಟ್ಟದ್ದು, ಒಪ್ಪೋಣ. ಆದರೆ ಒಂದು ಹೊಗೆ ಇದೆ ಅಂತ ಇನ್ನೊಂದನ್ನು ಯಾಕೆ ಸಹಿಸಬೇಕು? ಸಿಲ್ಕ್ ಬೋರ್ಡ್ ಸರಿಮಾಡಲು ಸರ್ಕಾರ ಬೇಕು, ಮೆಟ್ಟಿಲ ಮೇಲಿನ ಹೊಗೆ ನಿಲ್ಲಿಸಲು ಹತ್ತು ಹೆಜ್ಜೆ ಆಚೆ ಹೋದರೆ ಸಾಕು.

"ಫ್ಯಾನ್ ಹಾಕಿದರೆ ಹೋಗುತ್ತೆ" ಅನ್ನೋದು ಸುಳ್ಳು. ವಾಸನೆ ಕಡಿಮೆ ಆಗುತ್ತೆ, ವಿಷ ಪೂರ್ತಿ ಹೋಗೋದಿಲ್ಲ. ಸ್ಕಾಟ್ಲೆಂಡ್‌ನಲ್ಲಿ 2006ರಲ್ಲಿ ಪಬ್‌ಗಳೂ ಸೇರಿದಂತೆ ಒಳಾಂಗಣ ಸಾರ್ವಜನಿಕ ಜಾಗಗಳಲ್ಲಿ ನಿಷೇಧ ಬಂದಾಗ, ಅಧ್ಯಯನ ಮಾಡಿದ ಆಸ್ಪತ್ರೆಗಳಲ್ಲಿ ಹೃದಯಾಘಾತದಂಥ ತೊಂದರೆಯಿಂದ ಸೇರುವವರ ಸಂಖ್ಯೆ ಶೇ 17ರಷ್ಟು ಇಳಿಯಿತು. ನಿಷೇಧದಿಂದ ಏನು ಲಾಭ ಅನ್ನುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಒಂದು ವಾದಕ್ಕೆ ನಾನು ತಲೆಬಾಗುತ್ತೇನೆ. ನಮ್ಮ ಅಪಾರ್ಟ್‌ಮೆಂಟ್‌ನ ಹಿರಿಯರೊಬ್ಬರು ಪಿರಿಯಾಪಟ್ಟಣದ ಕಡೆಯವರು, ತಂಬಾಕು ಬೆಳೆದೇ ಮಕ್ಕಳನ್ನು ಓದಿಸಿದವರು. "ಎಲ್ಲ ಸೇರಿ ಬಡವನ ಹೊಟ್ಟೆ ಮೇಲೇ ಹೊಡೀತೀರಿ" ಅಂದರು. ಹುಣಸೂರು, ಪಿರಿಯಾಪಟ್ಟಣದ ರೈತರು, ದಕ್ಷಿಣ ಕನ್ನಡದಲ್ಲಿ ಬೀಡಿ ಕಟ್ಟುವ ಹೆಂಗಸರು, ಗೂಡಂಗಡಿಯವರು, ಇವರ ಬದುಕಿನ ಪ್ರಶ್ನೆ ನಿಜವಾದದ್ದು, ಅದನ್ನು ಹಗುರವಾಗಿ ತಳ್ಳಿಹಾಕಬಾರದು. ಎಲ್ಲಿ ಸೇದಬೇಕು ಅನ್ನುವ ನಿಯಮ ಬೆಳೆಯನ್ನು ನಿಲ್ಲಿಸುವುದಿಲ್ಲ ಅಂತ ಅವರಿಗೆ ಹೇಳಿದೆ. ಅವರು ಅರ್ಧ ಒಪ್ಪಿದರು. ದಂಡದ ವಿಷಯದಲ್ಲೂ ಅವರ ಮಾತು ಸರಿ ಇದೆ. 1,000 ರೂಪಾಯಿ ಐಟಿಯವರಿಗೆ ಒಂದು ಹೊತ್ತಿನ ಊಟದ ಬಿಲ್ಲು, ರಾತ್ರಿ ಪಾಳಿ ಮಾಡುವ ಸೆಕ್ಯುರಿಟಿಯವರಿಗೆ ಎರಡು ದಿನದ ಸಂಬಳ. ಅದಕ್ಕೇ ನಾನು ಓನರ್‌ನ ಹಿಡಿಯಿರಿ ಅಂತ ಇಷ್ಟು ಸಲ ಹೇಳುತ್ತಿರುವುದು. ಬೋರ್ಡ್ ಹಾಕದ, ಆಶ್‌ಟ್ರೇ ಇಟ್ಟು ಕರೆಯುವ ಓನರ್‌ನ ಬಿಟ್ಟು ಬಸ್ ಸ್ಟಾಪ್‌ನಲ್ಲಿ ಬೀಡಿ ಹಚ್ಚಿದ ಕೂಲಿಯವರಿಗೆ ಮಾತ್ರ ರಸೀದಿ ಹರಿದರೆ ಆ ಕಾನೂನಿಗೆ ಜನ ಬೆಲೆ ಕೊಡೋದಿಲ್ಲ.

ಬಿಡಬೇಕು ಅನ್ನುವವರು ಸಿಕ್ಕರೆ

ಹೀಗೆ ಕೇಳುತ್ತಾ ಹೋದರೆ ಒಬ್ಬರಲ್ಲ ಒಬ್ಬರು "ನಂಗೂ ಬಿಡಬೇಕು ಅಂತಿದೆ ಮೇಡಂ, ಆಗ್ತಿಲ್ಲ" ಅನ್ನುತ್ತಾರೆ. ಅವರಿಗೆ 1800 11 2356 ನಂಬರ್ ಕೊಡಿ. ಇದು ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ, ಫೋನ್ ಖರ್ಚು ಇಲ್ಲ, ಸಿಗರೇಟ್ ಪ್ಯಾಕ್ ಮೇಲೂ ಇರುತ್ತೆ. ನಮ್ಮ ನಿಮ್ಹಾನ್ಸ್‌ನಲ್ಲೇ ಇದರ ಒಂದು ಕೇಂದ್ರ ಇದೆ, ಕನ್ನಡದಲ್ಲೇ ಮಾತಾಡಬಹುದು. ನಮ್ಮ ಗೇಟ್‌ನ ಸೆಕ್ಯುರಿಟಿ ಅಣ್ಣನಿಗೆ ನಂಬರ್ ಓದಲು ಕನ್ನಡಕ ಬೇಕು ಅಂತ ನಾನೇ ಅವರ ಫೋನ್‌ನಲ್ಲಿ ಸೇವ್ ಮಾಡಿಕೊಟ್ಟೆ. ಹೋದ ವಾರ ಕೇಳಿದಾಗ, ಎರಡು ಸಲ ಮಾತಾಡಿದ್ದೇನೆ, ದಿನಕ್ಕೆ ಹದಿನೈದು ಇದ್ದದ್ದು ಆರಕ್ಕೆ ಬಂದಿದೆ ಅಂದರು.